ಬೇಗ ಬಂದರೆ ಮೆಮೊ

ವಾರಕ್ಕೊಬ್ಬರಾದರೂ ನನಗೆ ಮೆಸೇಜು ಹಾಕಿ ಕೇಳುತ್ತಾರೆ: “ಅಣ್ಣಾ, ಸ್ಪೀಡ್ ಕ್ಯಾಮೆರಾ ಎಲ್ಲಿದೆ ಅಂತ ಮುಂಚೇನೇ ಹೇಳೋ ರಾಡಾರ್ ಡಬ್ಬಿ ಬರುತ್ತಂತಲ್ಲ, ತಗೊಳ್ಳೋದಾ?” ಡಬ್ಲಿನ್ ಪಕ್ಕದ ಈ ಟಾಲಾದಲ್ಲಿ ಹಳೆಯ ವ್ಯಾನು ಕೊಳ್ಳುವಾಗ ಏನು ನೋಡಬೇಕು, ಇನ್ಶೂರೆನ್ಸಿನವರು ಫೋನಿನಲ್ಲಿ ಮೊದಲು ಹೇಳುವ ರೇಟಿಗೆ ಯಾಕೆ ಹೂಂ ಅನ್ನಬಾರದು, ಇಂಥದ್ದಕ್ಕೆಲ್ಲ ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವವನು ನಾನು. ಆದರೆ ಈ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಬರೆಯಲು ನನ್ನಿಂದ ಆಗುವುದಿಲ್ಲ. ಬರೆಯಬೇಕೆಂದರೆ ಒಬ್ಬರ ವಿಷಯ ಹೇಳಬೇಕು. ಅವರು ಹೋದ ತಿಂಗಳು ಐರ್ಲೆಂಡ್ ಬಿಟ್ಟು ವಿಜಯಪುರಕ್ಕೆ ಹೊರಟುಹೋದರು.

ಹೆಸರು ಬರೆಯುವುದಿಲ್ಲ. ಟಾಲಾದಿಂದ ಕಾರ್ಕ್‌ವರೆಗೆ ನನ್ನ ಗಿರಾಕಿಗಳೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಸಾವ್ಕಾರ್ರ ಎನ್ನುತ್ತಿದ್ದರು. ಎರಡು ವ್ಯಾನು, ಒಂದು ಬಾಡಿಗೆ ಶೆಡ್ಡು ಇರುವವನನ್ನು ಯಾರಾದರೂ ಸಾವ್ಕಾರ್ರ ಅಂದರೆ ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ಮೊದಲ ದಿನವೇ ಲೆಕ್ಕ ಹಾಕಲು ಹೊರಟೆ. ಕೊನೆಯವರೆಗೂ ತಾಳೆಯಾಗಲಿಲ್ಲ.

ನನ್ನದು ದಿನಸಿ ವ್ಯಾಪಾರ. ಸೋನಾ ಮಸೂರಿ, ತೊಗರಿಬೇಳೆ, ಕರಿಬೇವು, ಹೆಪ್ಪುಗಟ್ಟಿಸಿದ ತೆಂಗಿನತುರಿ, ಇವನ್ನೆಲ್ಲ ಟಾಲಾದ ಶೆಡ್ಡಿನಿಂದ ಕಿಲ್ಕೆನ್ನಿಯ ಆಸ್ಪತ್ರೆಯ ನರ್ಸುಗಳ ಮನೆಗೂ, ಕಾರ್ಕಿನ ಕಂಪನಿಗಳಲ್ಲಿ ಕೆಲಸ ಮಾಡುವವರ ಮನೆಗೂ ಮುಟ್ಟಿಸುವುದು. ಮೊದಲ ಲಾಕ್‌ಡೌನ್ ಬಂದಾಗ ಜನ ಮನೆಯಿಂದ ಎರಡು ಕಿಲೋಮೀಟರ್ ಆಚೆ ಹೋಗುವ ಹಾಗಿರಲಿಲ್ಲ, ಆಮೇಲೆ ಅದು ಐದಾಯಿತು. ನನ್ನ ಹತ್ತಿರ ಆಹಾರ ಸಾಗಿಸುವವನು ಎಂಬ ಪತ್ರವಿತ್ತು. ಆರ್ಡರು ಮೂರು ಪಟ್ಟಾಯಿತು. ಆದರೆ ನನ್ನ ಲೈಸೆನ್ಸಿನ ಮೇಲೆ ಒಂಬತ್ತು ಪಾಯಿಂಟ್ ಕೂತಿದ್ದವು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿ ವೇಗಕ್ಕೆ ಸಿಕ್ಕಿಬಿದ್ದರೆ ದಂಡ ಕಟ್ಟಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಸಲಕ್ಕೆ ಮೂರು ಪಾಯಿಂಟ್ ಬೀಳುತ್ತವೆ, ಮೂರು ವರ್ಷ ಅಂಟಿಕೊಂಡಿರುತ್ತವೆ. ಹನ್ನೆರಡು ತುಂಬಿತೋ, ಆರು ತಿಂಗಳು ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ನನ್ನ ಮೊದಲ ಮೂರು ಅಳಿಸಿಹೋಗುವುದು ಮುಂದಿನ ಫೆಬ್ರವರಿಗೆ. ಅಲ್ಲಿಯವರೆಗೆ ಒಂದೇ ಒಂದು ಟಿಕೆಟ್ ಬಿದ್ದರೂ ನನ್ನ ವ್ಯಾನು, ಗಿರಾಕಿಗಳು, ಹತ್ತು ವರ್ಷ ಹೋಟೆಲಿನಲ್ಲಿ ಪಾತ್ರೆ ತೊಳೆದು ಕಟ್ಟಿದ್ದು ಎಲ್ಲ ಆರು ತಿಂಗಳಲ್ಲಿ ಬೇರೆಯವರ ಪಾಲಾಗುತ್ತಿತ್ತು. ಖಾಲಿ ರಸ್ತೆ ಕಂಡರೆ ಕಾಲು ತಾನಾಗಿ ಭಾರವಾಗುತ್ತದೆ. ಜನರೆಲ್ಲ ಮನೆಯಲ್ಲಿದ್ದರೂ ರಸ್ತೆ ಬದಿಯಲ್ಲಿ ನಿಂತು ಕ್ಯಾಮೆರಾದಿಂದ ವೇಗ ಅಳೆಯುವ ಸ್ಪೀಡ್ ವ್ಯಾನುಗಳು ಮನೆಗೆ ಹೋಗಿರಲಿಲ್ಲ.

ಚಾಚಾ ಕೆಲಸ ಕೇಳಿಕೊಂಡು ಬಂದದ್ದು ಅದಕ್ಕೆ ಸ್ವಲ್ಪ ಮುಂಚೆ. ವಿಜಯಪುರದಲ್ಲಿ ಸರ್ಕಾರಿ ಬಸ್ಸು ಓಡಿಸಿ, ಸೌದಿಯಲ್ಲಿ ಟ್ರೇಲರ್ ಓಡಿಸಿ, ಇಲ್ಲಿಗೆ ಹಲಾಲ್ ಮಾಂಸದ ಕಾರ್ಖಾನೆಯ ಕೆಲಸಕ್ಕೆ ಬಂದವರು. ತಣ್ಣನೆಯ ಕೋಣೆಯಲ್ಲಿ ನಿಂತು ನಿಂತು ಬೆನ್ನು ಹೋಗಿತ್ತು. ವಯಸ್ಸು ಅರವತ್ತರ ಹತ್ತಿರ. ಇಲ್ಲಿಯ ಡ್ರೈವಿಂಗ್ ಟೆಸ್ಟು ಒಂದೇ ಸಲಕ್ಕೆ ಪಾಸು. ನನಗೆ ಮೂರು ಸಲ ಬೇಕಾಗಿತ್ತು. ಹಾಗಾಗಿ ಮೊದಲ ಅನುಮಾನ ಅಲ್ಲಿಯೇ ಹುಟ್ಟಿತು.

ಸಂಬಳದ ಮಾತಿಗೆ ಮುಂಚೆ ಅವರು ವ್ಯಾನಿನ ಸುತ್ತ ಒಂದು ಸುತ್ತು ಬಂದರು. ನಾಲ್ಕೂ ಟೈರಿಗೆ ಹಿಮ್ಮಡಿಯಿಂದ ಒಂದೊಂದು ಒದೆತ ಕೊಟ್ಟು ಕಿವಿಗೊಟ್ಟು ಕೇಳಿದರು. ಬಾನೆಟ್ಟಿನ ಮೇಲೆ ಎತ್ತಿನ ಹಣೆ ಸವರಿದ ಹಾಗೆ ಅಂಗೈ ಇಟ್ಟು “ಬಿಸ್ಮಿಲ್ಲಾ” ಅಂದರು.

“ಚಾಚಾ, ಎಷ್ಟು ಟಿಕೆಟ್ ಬಿದ್ದಿವೆ ನಿಮಗೆ?” ಎಂದು ಕೇಳಿದೆ.

“ಯಾವ ಟಿಕೆಟ್ರೀ?”

“ಸ್ಪೀಡಿಂದು.”

“ಒಂದೂ ಇಲ್ರಿ.”

“ಸೌದಿಯಲ್ಲಿ?”

“ಅಲ್ಲೂ ಇಲ್ರಿ.”

ಒಂದೂ ಇಲ್ಲ ಅನ್ನುವವನನ್ನು ನಾನು ನಂಬುವುದಿಲ್ಲ. ಎರಡಿವೆ ಅಂದಿದ್ದರೆ ಕೂಡಲೇ ನಂಬುತ್ತಿದ್ದೆ. ನೀವೂ ಆಳು ಇಟ್ಟುಕೊಳ್ಳುವಾಗ ಇದನ್ನು ನೆನಪಿಡಿ, ಎಂದು ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ಕೆಲಸಕ್ಕೆ ಸೇರಿದರು. ಗಿರಾಕಿಗೆ ನಾನು ಹನ್ನೊಂದು ಗಂಟೆ ಎಂದು ಹೇಳಿದ್ದರೆ ಅವರ ವ್ಯಾನು ಹನ್ನೊಂದಕ್ಕೇ ಬಾಗಿಲ ಮುಂದೆ ನಿಲ್ಲುತ್ತಿತ್ತು. ಕಿಲ್ಕೆನ್ನಿಯ ನರ್ಸೊಬ್ಬಳು ಫೋನಿನಲ್ಲಿ, “ಅಣ್ಣಾ, ಚಾಚಾ ಬಂದ್ರೆ ನಾನು ಗಡಿಯಾರ ಸರಿ ಮಾಡ್ಕೋತೀನಿ. ನೀವು ಬಂದ್ರೆ ಕ್ಯಾಲೆಂಡರ್ ನೋಡ್ಬೇಕು,” ಎಂದು ನಕ್ಕಳು. ನಾನು ನಗಲಿಲ್ಲ. ನಾನು ಅಷ್ಟು ಜೋರಾಗಿ ಓಡಿಸಿಯೂ ಹಿಂದೆ ಬೀಳುತ್ತೇನೆ, ಟಿಕೆಟೂ ತಿನ್ನುತ್ತೇನೆ. ಈ ಮನುಷ್ಯ ಸಮಯಕ್ಕೆ ಸರಿಯಾಗಿ ಹೋಗುತ್ತಾನೆ, ಒಂದು ಟಿಕೆಟೂ ಇಲ್ಲ. ಹಾಗಿದ್ದರೆ ಒಳಗೆ ಏನೋ ಇದೆ.

ಇತ್ತು. ಒಂದು ಗಂಟು. ಕೆಂಪು ಚೌಕಳಿಯ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಅವರು ದಿನವೂ ಜೊತೆಗೆ ತರುತ್ತಿದ್ದರು. ಪಕ್ಕದ ಸೀಟಿನ ಮೇಲೆ ಮಗುವನ್ನು ಕೂರಿಸುವ ಹಾಗೆ ಕೂರಿಸಿ, ಬೀಳದಂತೆ ರೊಟ್ಟಿಯ ಬುತ್ತಿಯನ್ನು ಒತ್ತಾಗಿ ಇಡುತ್ತಿದ್ದರು. ಒಮ್ಮೆ ಸಾಮಾನು ತುಂಬುವಾಗ ಆ ಗಂಟಿನೊಳಗಿಂದ ‘ಟಿಂಗ್’ ಎಂದು ಸದ್ದು ಬಂತು.

“ಅದೇನು ಚಾಚಾ?”

“ನನ್ನ ಕಂಡಕ್ಟರ್ ಅದಾನ್ರಿ.”

“ಕಂಡಕ್ಟರ್ರಾ?”

“ಟೈಮ್ ಹೇಳ್ತಾನ.”

ಅವರ ಕೈಯಲ್ಲಿ ವಾಚಿತ್ತು. ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಗಡಿಯಾರವಿತ್ತು. ಜೇಬಿನಲ್ಲಿ ಫೋನಿತ್ತು. ಇಷ್ಟೆಲ್ಲ ಇರುವವನಿಗೆ ಟವೆಲ್ಲಿನಲ್ಲಿ ಸುತ್ತಿದ ಇನ್ನೊಂದು ಟೈಮು ಯಾಕೆ? ನನಗೆ ಖಾತ್ರಿಯಾಯಿತು. ಇದು ರಾಡಾರ್ ಡಬ್ಬಿ.

“ಎಷ್ಟಾಯ್ತು?” ಎಂದೆ.

“ಎರಡು ಯೂರೋ.”

“ನಿಜ ಹೇಳಿ ಚಾಚಾ.”

“ಎರಡ ರೀ. ಧರ್ಮದ ಅಂಗಡಿ ಇರ್ತಾವಲ್ಲ, ಹಳೇ ಸಾಮಾನಿಂದು, ಅಲ್ಲಿ ತೊಗೊಂಡೆ. ನಿಮಗೂ ಒಂದು ನೋಡ್ಲೇನ್ರಿ?”

ಬೆಲೆ ಮುಚ್ಚಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಗಲ್ಲಿಯಲ್ಲಿ ಬೆಳೆದವನು ನಾನು. ಇನ್ನೂರರ ಮಾಲಿಗೆ ಎರಡು ಎಂದು ಹೇಳುವ ಧೈರ್ಯ ಮಾತ್ರ ಯಾರಲ್ಲೂ ನೋಡಿರಲಿಲ್ಲ.

ಅನುಮಾನಕ್ಕೆ ಒಮ್ಮೆ ಜಾಗ ಕೊಟ್ಟರೆ ಸಾಕ್ಷಿ ತಾನಾಗಿ ಬಂದು ಕೂರುತ್ತದೆ. ಹಳ್ಳಿಯ ರಸ್ತೆಗಳಲ್ಲಿ ಎದುರಿಗೆ ಬರುವ ಐರಿಶ್ ಡ್ರೈವರುಗಳು ಸ್ಟಿಯರಿಂಗ್ ಮೇಲಿಂದ ಒಂದೇ ಬೆರಳು ಎತ್ತಿ ನಮಸ್ಕಾರ ಹೇಳುವುದುಂಟು. ಚಾಚಾ ಅದಕ್ಕೆ ಬಲಗೈಯನ್ನು ಪೂರ್ತಿ ಕಿಟಕಿಯಿಂದ ಹೊರಗೆ ಚಾಚಿ, ನಮ್ಮೂರ ಬಸ್ಸಿನವರು ಎದುರು ಬಸ್ಸಿಗೆ ಮಾಡುವ ಹಾಗೆ ಅಂಗೈ ತೋರಿಸುತ್ತಿದ್ದರು. ಹಿಂದಿನ ಗಾಡಿಗೆ ದಾರಿ ಬಿಡುವಾಗಲೂ ಅದೇ ಕೈ ಮುಂದಕ್ಕೆ ಬೀಸಿ ‘ಹೋಗು’ ಎನ್ನುತ್ತಿತ್ತು. ಬರಬರುತ್ತಾ ಆ ದಾರಿಯ ಹಾಲಿನ ಟ್ಯಾಂಕರಿನವರು, ಬಸ್ಸಿನವರು ದೂರದಿಂದಲೇ ಅವರಿಗೆ ಲೈಟು ಮಿಟುಕಿಸತೊಡಗಿದರು. ಮುಂದೆ ಸ್ಪೀಡ್ ವ್ಯಾನು ನಿಂತಿದ್ದರೆ ಇಲ್ಲಿಯವರು ಲೈಟು ಮಿಟುಕಿಸಿ ಎಚ್ಚರಿಸುವುದೂ ಉಂಟು. ಓಹೋ, ಡಬ್ಬಿಯ ಜೊತೆಗೆ ದೊಡ್ಡ ಜಾಲವೇ ಇದೆ ಎಂದುಕೊಂಡೆ.

ಒಂದು ದಿನ ಅವರಿಗೆ ತಿಳಿಯದಂತೆ ಹಿಂದೆಯೇ ಹೋದೆ. ಟಾಲಾ ದಾಟಿ ನೇಸ್ ಊರಿನ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಚಾಚಾ ಗಾಡಿ ನಿಲ್ಲಿಸಿದರು. ಪೆಟ್ರೋಲು ಹಾಕಿಸಲಿಲ್ಲ. ಕೆಳಗೂ ಇಳಿಯಲಿಲ್ಲ. ಜೋಳದ ರೊಟ್ಟಿ ಮುರಿದು ಶೇಂಗಾ ಚಟ್ನಿಯಲ್ಲಿ ಅದ್ದಿ ತಿಂದರು, ಕೈ ಒರೆಸಿಕೊಂಡರು, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಹನ್ನೊಂದು ನಿಮಿಷ. ಆಮೇಲೆ ಗಂಟಿನ ಕಡೆ ತಲೆ ವಾಲಿಸಿದರು, ಅದರೊಳಗೆ ಕೈ ಹಾಕಿ ಏನೋ ತಿರುವಿದರು, ಹೊರಟರು. ಮುಂದಿನ ಸ್ಪೀಡ್ ವ್ಯಾನು ಜಾಗ ಖಾಲಿ ಮಾಡಿತು ಎಂದು ಡಬ್ಬಿ ಹೇಳಿರಬೇಕು. ನನಗೆ ಬೇರೆ ಅರ್ಥವೇ ಹೊಳೆಯಲಿಲ್ಲ.

ಈಗ ನನ್ನ ಕಷ್ಟ ನೋಡಿ. ಈ ದೇಶದಲ್ಲಿ ಆ ಡಬ್ಬಿಯನ್ನು ಬಳಸುವುದಿರಲಿ, ಗಾಡಿಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಗಾರ್ಡಾ, ಅಂದರೆ ಇಲ್ಲಿಯ ಪೊಲೀಸರು, ಕೋವಿಡ್ ಚೆಕ್‌ಪೋಸ್ಟ್ ಹಾಕಿಕೊಂಡು ಹೆಜ್ಜೆಗೊಮ್ಮೆ ಗಾಡಿಯೊಳಗೆ ಇಣುಕುತ್ತಿದ್ದ ಕಾಲ. ವ್ಯಾನು ನನ್ನ ಹೆಸರಿನಲ್ಲಿದೆ. ಚಾಚಾಗೆ ಬೈದು ಅದನ್ನು ಎಸೆಯಿಸಬೇಕಿತ್ತು. ನಾನೇನು ಮಾಡಿದೆ? ನನಗೂ ಒಂದು ಬೇಕು ಅಂದುಕೊಂಡೆ.

ಹೆಂಡತಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಮುಖದ ಮೇಲೆ ಮಾಸ್ಕಿನ ಗೆರೆ ಉಜ್ಜಿಕೊಳ್ಳುತ್ತಿದ್ದಳು. ವಿಷಯ ತೆಗೆದೆ.

“ನಿಧಾನಕ್ಕೆ ಓಡ್ಸಿದ್ರೆ ಆಗಲ್ವಾ?” ಎಂದಳು.

“ತೆಂಗಿನತುರಿ ಕರಗುತ್ತೆ ಕಣೆ.”

“ಲೈಸೆನ್ಸ್ ಹೋದ್ರೆ ನೀನು ಕರಗ್ತೀಯ. ಚಾಚಾ ತಗೊಂಡು ಹೋದಾಗ ಯಾಕೆ ಕರಗಲ್ಲ?”

“ಅವರ ಹತ್ರ ಡಬ್ಬಿ ಇದೆ.”

“ನೋಡಿದ್ದೀಯಾ?”

ನೋಡಿರಲಿಲ್ಲ.

ಆನ್‌ಲೈನ್ ಜಾಹೀರಾತು ನೋಡಿ ಒಬ್ಬ ಐರಿಶ್ ಮನುಷ್ಯನನ್ನು ಶಾಪಿಂಗ್ ಸೆಂಟರಿನ ಪಾರ್ಕಿಂಗಿನಲ್ಲಿ ಭೇಟಿಯಾದೆ. ಇಬ್ಬರಿಗೂ ಮಾಸ್ಕು. ಆ ಕಾಲದಲ್ಲಿ ಕಳ್ಳ ವ್ಯಾಪಾರಕ್ಕೆ ಮುಖ ಮುಚ್ಚಿಕೊಂಡರೂ ಯಾರೂ ಅನುಮಾನಪಡುತ್ತಿರಲಿಲ್ಲ. ಇದು ಸ್ಪೀಡ್ ವ್ಯಾನು ಹಿಡಿಯುತ್ತಾ ಎಂದು ಕೇಳಿದೆ. ಗ್ರ್ಯಾಂಡ್ ಎಂದ, ಅಂದರೆ ಏನೂ ತೊಂದರೆಯಿಲ್ಲ. ಗಾರ್ಡಾ ಕೈಯಲ್ಲಿ ಹಿಡಿಯುವ ಲೇಸರ್ ಗನ್ನು? ಅದೂ ಗ್ರ್ಯಾಂಡ್. ಇಲ್ಲಿ ಹವಾಮಾನಕ್ಕೂ ಗ್ರ್ಯಾಂಡ್, ಸೊಂಟನೋವಿಗೂ ಗ್ರ್ಯಾಂಡ್. ಅರ್ಧ ಬೆಲೆಗೆ ಕೇಳಿದೆ, ತಕ್ಷಣ ಒಪ್ಪಿ ಕೈಗೆ ಕೊಟ್ಟ. ಅಷ್ಟು ಸಲೀಸಾಗಿ ಇಳಿಯುವವನ ಹತ್ತಿರ ಏನನ್ನೂ ಕೊಳ್ಳಬೇಡಿ ಎಂದು ನಾನೇ ಊರಿಗೆಲ್ಲ ಹೇಳುವವನು. ಅವತ್ತು ನನ್ನ ಮಾತು ನನಗೇ ಕೇಳಿಸಲಿಲ್ಲ.

ಎಲ್ಲಿ ಬಚ್ಚಿಡುವುದು? ನನ್ನ ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಪ್ಲಾಸ್ಟಿಕ್ ಮಂಟಪದಲ್ಲಿ ಗಣಪತಿ ಇದ್ದಾನೆ. ಡಬ್ಬಿ ಅವನ ಬೆನ್ನ ಹಿಂದೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ತಂತಿಗೆ ಸೇವಂತಿಗೆಯ ಪ್ಲಾಸ್ಟಿಕ್ ಹಾರ ಸುತ್ತಿದೆ. ಯಾವ ಗಾರ್ಡಾ ದೇವರ ಹಿಂದೆ ಕೈ ಹಾಕುತ್ತಾನೆ ಎಂಬ ಧೈರ್ಯ. ಒಂದೇ ಹೆದರಿಕೆ ಚಾಚಾನದು. ಪ್ರತಿ ಶನಿವಾರ ಎರಡೂ ವ್ಯಾನು ತೊಳೆದು ಒಳಗೆಲ್ಲ ಒರೆಸುವವರು ಅವರೇ. ನನ್ನ ಗಣಪತಿಯ ಮಂಟಪವನ್ನೂ ಬೇರೆ ಒಗೆದ ಬಟ್ಟೆಯಿಂದ, ಚಪ್ಪಲಿ ಬಿಟ್ಟು ಒರೆಸುತ್ತಿದ್ದರು. ಆ ಶನಿವಾರ ಏನೂ ಅನ್ನಲಿಲ್ಲ. ನೋಡಿಲ್ಲ ಎಂದುಕೊಂಡೆ.

ಡಬ್ಬಿ ಏನು ಕೆಲಸ ಮಾಡಿತು ಎಂದು ಕೇಳುವವರು ಇಲ್ಲಿ ಗಮನವಿಟ್ಟು ಓದಿ. ಸೂಪರ್‌ಮಾರ್ಕೆಟ್ಟಿನ ತಾನಾಗಿ ತೆರೆಯುವ ಬಾಗಿಲು ಕಂಡರೆ ಕೂಗಿತು. ಪಕ್ಕದಲ್ಲಿ ಸೆನ್ಸರ್ ಇರುವ ಹೊಸ ಕಾರು ಬಂದರೆ ಕೂಗಿತು. ಪೆಟ್ರೋಲ್ ಬಂಕಿನ ಮುಂದೆ ಕೂಗಿತು. ಮೊದಲ ವಾರ ಕೂಗಿದಾಗಲೆಲ್ಲ ಬ್ರೇಕು ಒತ್ತಿದೆ. ಹಿಂದಿನವರು ಹಾರ್ನು ಹೊಡೆದು ಐರಿಶ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬೈದರು. ಎರಡನೆಯ ವಾರಕ್ಕೆ ಅಭ್ಯಾಸವಾಗಿ ಕೂಗಿದರೂ ಕಿವಿಗೆ ಹಾಕಿಕೊಳ್ಳದಾದೆ. ಮೂರನೆಯ ವಾರ ನಿಜವಾದ ಸ್ಪೀಡ್ ವ್ಯಾನೊಂದನ್ನು ದಾಟಿದ ಮೇಲೆ ಕೂಗಿತು. ನನ್ನ ಪುಣ್ಯ, ಮುಂದೆ ಟ್ರ್ಯಾಕ್ಟರ್ ಇದ್ದು ನಾನು ತೆವಳುತ್ತಿದ್ದೆ. ಅದಕ್ಕೆ ಕೊಟ್ಟ ಹಣದ ಮೇಲಿನ ಮಮತೆಯಿಂದ ತೆಗೆಯಲಿಲ್ಲ. ಕೊಂಡ ತಪ್ಪನ್ನು ಒಪ್ಪಿಕೊಳ್ಳುವುದು ವ್ಯಾಪಾರಿಗೆ ಬಹಳ ಕಷ್ಟ.

ಜನವರಿ ಬಂತು. ಮತ್ತೆ ಲಾಕ್‌ಡೌನ್, ಮತ್ತೆ ಐದು ಕಿಲೋಮೀಟರ್, ರಸ್ತೆ ತುಂಬ ಚೆಕ್‌ಪೋಸ್ಟು. ನನ್ನ ಫೆಬ್ರವರಿಗೆ ಇನ್ನು ನಾಲ್ಕು ವಾರ. ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಹೋದರೆ ಚಾಚಾ ಅವರ ವ್ಯಾನಿನ ಪಕ್ಕ ಗಂಟು ಹಿಡಿದು ನಿಂತಿದ್ದರು.

“ಗಾಡಿ ಚಾಲೂ ಆಗವಲ್ದು ಸಾವ್ಕಾರ್ರ. ಬ್ಯಾಟರಿ ಕೂತದ.”

“ಮೂರು ತಿಂಗಳ ಹಿಂದೆ ಹೊಸದು ಹಾಕ್ಸಿದ್ದಲ್ವಾ?”

“ಥಂಡಿ ಭಾಳ ಅದ.”

ಕೀಲಿ ತಿರುಗಿಸಿ ನೋಡಿದೆ. ಉಸಿರೇ ಇಲ್ಲ. ಎರಡೂ ಗಾಡಿಯ ಮಾಲು ಒಂದಕ್ಕೆ ತುಂಬಿದೆವು. ಇಬ್ಬರೂ ಮಾಸ್ಕು ಹಾಕಿ, ಕಿಟಕಿ ನಾಲ್ಕು ಬೆರಳು ಇಳಿಸಿ, ಚಳಿಯಲ್ಲಿ ಹೊರಟೆವು. ನಾನು ಸ್ಟಿಯರಿಂಗ್ ಹಿಡಿದೆ. ಚಾಚಾ ಪಕ್ಕದಲ್ಲಿ, ಅವರ ತೊಡೆಯ ಮೇಲೆ ಗಂಟು. ಶೆಡ್ಡಿನ ಗೇಟು ದಾಟುವಾಗ ಅದರೊಳಗೆ ಕೈ ಹಾಕಿ ‘ಕರ್ರ್’ ಎಂದು ತಿರುವಿದರು. ಹೊಸ ಕಾರೊಂದು ಪಕ್ಕದಲ್ಲಿ ಹಾದುಹೋಯಿತು. ಗಣಪತಿ ಕೂಗಿದ.

ಚಾಚಾ ಮಂಟಪದ ಕಡೆ ನೋಡಿದರು. “ಏನ್ರಿ ಸಾವ್ಕಾರ್ರ, ಗಣಪ್ಪ ಮಾತಾಡಾಕತ್ತಾನಲ್ಲ?”

“ಫೋನು.”

“ಫೋನ ಚಲೋ ಜಾಗಾದಾಗ ಇಟ್ಟೀರಿ.”

ನೇಸ್ ಬಂತು. ಚಾಚಾ ಬಂಕಿನ ಕಡೆ ಕೈ ಮಾಡಿದರು. “ಒಳಗ ತೊಗೋರಿ. ಇನ್ನ ಒಂಬತ್ತು ನಿಮಿಷ ಅದ.”

“ಏನು ಒಂಬತ್ತು ನಿಮಿಷ?”

“ಬೇಗ ಬಂದೀವಿ.”

“ಬೇಗ ಬಂದ್ರೆ ಒಳ್ಳೇದಲ್ವಾ ಚಾಚಾ? ತೆಂಗಿನತುರಿ ಇದೆ ಹಿಂದೆ!”

“ಈ ಥಂಡ್ಯಾಗ ಹೆಣಾನೂ ಕೆಡಾಂಗಿಲ್ಲ, ನಿಮ್ಮ ತೆಂಗಿನಕಾಯಿ ಕೆಡ್ತದೇನ್ರಿ? ನಿಲ್ಲಸ್ರಿ.”

ನಿಲ್ಲಿಸಿದೆ. ಹತ್ತು ತಿಂಗಳಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ತಡೆಯಲಾಗಲಿಲ್ಲ. “ಆ ಗಂಟು ಬಿಚ್ಚಿ ತೋರಿಸಿ ಚಾಚಾ. ವ್ಯಾನು ನನ್ನದು. ನನಗೆ ಗೊತ್ತಾಗ್ಬೇಕು.”

ಅವರು ಟವೆಲ್ಲು ಬಿಚ್ಚಿದರು. ಒಳಗೆ ತಗಡಿನ ಕೋಳಿ. ಕೆಂಪು ಜುಟ್ಟು, ಅರ್ಧ ಬಣ್ಣ ಹೋದ ಕೊಕ್ಕು, ಹೊಟ್ಟೆಯ ಸುತ್ತ ಅರವತ್ತರವರೆಗೆ ಅಂಕಿ. ಅಡಿಗೆಮನೆಯಲ್ಲಿ ಮೊಟ್ಟೆ ಬೇಯಿಸಲು ಕೀಲಿ ತಿರುವಿ ಇಡುತ್ತಾರಲ್ಲ, ಆ ಟೈಮರು. ಕೈಯಲ್ಲಿ ಟಿಕ್‌ಟಿಕ್ ಎನ್ನುತ್ತಿತ್ತು. ನಾನು ಅದನ್ನು ಇಸಿದುಕೊಂಡು ಬುಡಮೇಲು ಮಾಡಿ ನೋಡಿದೆ. ತಂತಿ ಇಲ್ಲ. ಬ್ಯಾಟರಿ ಇಲ್ಲ. ಬುಡದಲ್ಲಿ ಅಂಗಡಿಯ ಹಳದಿ ಚೀಟಿ: ಎರಡು ಯೂರೋ.

“ಇದ್ಯಾಕೆ ಚಾಚಾ?” ಎಂದು ಕೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಹೇಳಿದ್ನಲ್ರಿ, ಕಂಡಕ್ಟರ್ ಅಂತ. ಡ್ರೈವರನ ಕಣ್ಣು ರಸ್ತಾದ ಮ್ಯಾಲ ಇರಬೇಕು, ಟೈಮು ಕಿವೀಗೆ ಬರಬೇಕು. ಬಸ್ಸಿನಾಗ ಕಂಡಕ್ಟರ್ ಹೇಳ್ತಿದ್ದ, ‘ಅಣ್ಣಾ, ಐದು ನಿಮಿಷ ಮುಂದದೀವಿ’ ಅಂತ. ಇಲ್ಲಿ ಯಾರು ಹೇಳ್ತಾರ? ಟಾಲಾದಿಂದ ಇಲ್ಲೀಮಟ ಒಂದು ಸ್ಟೇಜು. ಇಲ್ಲಿಂದ ಕಾರ್ಲೋ ಒಂದು. ಅಲ್ಲಿಂದ ಕಿಲ್ಕೆನ್ನಿ ಒಂದು. ಪ್ರತೀ ಸ್ಟೇಜಿಗೂ ಟೈಮು ಕಟ್ಟೀನಿ. ಕೋಳಿ ಕೂಗೋಕ್ಕಿಂತ ಮುಂಚೇಕ ಮುಟ್ಟಿದ್ರ ಕೂಡಬೇಕು, ಅಷ್ಟ.”

“ಬೇಗ ಮುಟ್ಟಿದ್ರೆ ತಪ್ಪೇನು?”

ಚಾಚಾ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. “ನಮ್ಮ ಡಿಪೋದಾಗ ತಡಾ ಆದ್ರ ಕಾರಣ ಬರಕೊಡಬೋದಿತ್ತು. ಎಮ್ಮಿ ಅಡ್ಡ ಬಂತು, ಟೈರ್ ಒಡೀತು. ಬೇಗ ಹ್ವಾದ್ರ ಏನಂತ ಬರೀತೀರಿ? ಎಂಟೂವರೀ ಬಸ್ಸು ಎಂಟೂ ಇಪ್ಪತ್ತಕ್ಕ ಹ್ವಾದ್ರ, ಎಂಟೂ ಇಪ್ಪತ್ತೈದಕ್ಕ ಬಂದ ಬಾಣಂತಿ ಎಲ್ಲಿ ನಿಂದ್ರಬೇಕ್ರಿ? ತಡಾ ಬಂದ್ರ ಬೈಗುಳ. ಬೇಗ ಬಂದ್ರ ಮೆಮೊ.”

ಚಟ್ನಿ ನನ್ನ ಕಡೆ ಸರಿಸಿ ಹೇಳಿದರು: “ಸರ್ವೀಸಿನಾಗ ಒಂದ ಮೆಮೊ ತೊಗೊಂಡೀನಿ. ಮನೀಗೆ ಹೋಗೋ ಅವಸರ, ನಾಕು ನಿಮಿಷ ಮುಂಚೇಕ ಬಿಟ್ಟೆ. ಕನ್ನಡಿಯಾಗ ಒಬ್ಬಾಕಿ ಕೂಸಿನ ಎತಗೊಂಡು ಓಡಿ ಬರೋದು ಕಾಣ್ತಿತ್ತು. ನಿಲ್ಲಸಲಿಲ್ಲ. ಅದು ಕಡೀ ಬಸ್ಸು.” ರೊಟ್ಟಿಯ ಪುಡಿ ಕೊಡವಿಕೊಂಡರು. “ಆಮ್ಯಾಲ ಏನಾತೋ ನನಗ ಗೊತ್ತಿಲ್ರಿ. ಮೆಮೊದಾಗ ಅದನ್ನ ಬರದಿರಲಿಲ್ಲ.”

ಕೋಳಿ ಟಿಂಗ್ ಎಂದಿತು. ಹೊರಟೆವು.

ಕಾರ್ಲೋಗೆ ಏಳು ನಿಮಿಷ ಮುಂಚೆ ತಲುಪಿದೆ. ಮತ್ತೆ ಕೂರಿಸಿದರು. ಅಲ್ಲಿಂದ ಹೊರಡುವಾಗ ನನ್ನ ಕಾಲಿಗೆ ಒಂದು ವಿಷಯ ತಲೆಗಿಂತ ಮೊದಲು ಅರ್ಥವಾಯಿತು: ಜೋರಾಗಿ ಹೋಗಿ ಸಿಗುವುದೇನು, ಮುಂದೆ ಕೂತು ಕಾಯುವುದೇ. ಕಿಲ್ಕೆನ್ನಿಗೆ ಮುಂಚೆ ಒಬ್ಬ ನರ್ಸಿನ ಮನೆಗೆ ಹಳ್ಳಿಯ ರಸ್ತೆಗೆ ತಿರುಗಬೇಕಿತ್ತು. ಅರವತ್ತರ ಮಿತಿಯ ಆ ರಸ್ತೆಯಲ್ಲಿ ನಾನು ಯಾವತ್ತೂ ಎಪ್ಪತ್ತೈದಕ್ಕೆ ಕಡಿಮೆ ಓಡಿಸಿದವನಲ್ಲ. ಅವತ್ತು ಮುಳ್ಳಿನ ಕಡೆ ನೋಡದೆ ಸುಮ್ಮನೆ ಹೋಗುತ್ತಿದ್ದೆ. ತಿರುವಿನಲ್ಲಿ ಗಣಪತಿ ಕಿರುಚಿದ. ಅದೇ ಕ್ಷಣ ಪೊದೆಯ ಪಕ್ಕದಲ್ಲಿ ಲೇಸರ್ ಗನ್ ಹಿಡಿದು ನಿಂತ ಗಾರ್ಡಾ ಕಂಡ. ಗನ್ನು ನನ್ನನ್ನು ಅಳೆದಾಗಿತ್ತು. ಡಬ್ಬಿ ಹೇಳಿದ್ದು ಆಮೇಲೆ. ಸ್ವಲ್ಪ ಮುಂದೆ ಕೋವಿಡ್ ಚೆಕ್‌ಪೋಸ್ಟು. ಕೈ ಅಡ್ಡ ಬಂತು.

ಹನ್ನೆರಡು ಎಂಬ ಅಂಕಿ ಕಣ್ಣ ಮುಂದೆ ನಿಂತಿತು. ಗಾರ್ಡಾ ಹೆಣ್ಣುಮಗಳೊಬ್ಬಳು ಕಿಟಕಿಗೆ ಬಂದು ಎಲ್ಲಿಂದ ಎಲ್ಲಿಗೆ ಎಂದು ಕೇಳಿದಳು. ಪತ್ರ ತೋರಿಸಿದೆ. ಅವಳು ರೇಡಿಯೋದಲ್ಲಿ ಹಿಂದಿನವನನ್ನು ವಿಚಾರಿಸಿದಳು. “ಐವತ್ತೇಳು,” ಎಂದಳು. “ನೀವು ಗ್ರ್ಯಾಂಡ್. ಹೋಗಿ.”

ಐವತ್ತೇಳು! ನಾನು ಗೇರು ಹಾಕುವಷ್ಟರಲ್ಲಿ ಹಿಂದೆ ಹೊಸ ಕಾರೊಂದು ಬಂದು ಮೂಗು ತಾಗಿಸುವಂತೆ ನಿಂತಿತು. ಗಣಪತಿ ಕೂಗಿದ, ಬಿಡದೆ ಕೂಗಿದ.

“ಅದೇನು ಸದ್ದು?” ಎಂದಳು.

“ದೇವರು,” ಎಂದೆ. ಭಯಕ್ಕೆ ಬಾಯಿಗೆ ಬಂದದ್ದು ಅದು.

ಅವಳು ಚಾಚಾನ ತೊಡೆಯ ಗಂಟಿನ ಕಡೆ ಬೆರಳು ಮಾಡಿದಳು. ಚಾಚಾ ಬಿಚ್ಚಿದರು. ಕೋಳಿ ಟಿಕ್‌ಟಿಕ್ ಎನ್ನುತ್ತಿತ್ತು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅವಳ ಅಂಗೈಯಲ್ಲೇ ಅದು ಟಿಂಗ್ ಎಂದಿತು. “ಬಸ್ ಡ್ರೈವರ್,” ಎಂದು ಚಾಚಾ ತಮ್ಮ ಸೌದಿ ಇಂಗ್ಲಿಷಿನಲ್ಲಿ ಎದೆ ಮುಟ್ಟಿಕೊಂಡರು. “ಲೇಟ್, ನೋ ಪ್ರಾಬ್ಲಮ್. ಅರ್ಲಿ, ಬಿಗ್ ಪ್ರಾಬ್ಲಮ್.” ಮಾಸ್ಕಿನ ಮೇಲೆ ಅವಳ ಕಣ್ಣು ನಕ್ಕವು. ತನ್ನ ಅಜ್ಜಿಯ ಮನೆಯಲ್ಲೂ ಇಂಥದೇ ಕೋಳಿ ಇತ್ತು ಎಂದು ವಾಪಸು ಕೊಟ್ಟಳು. ಗಣಪತಿ ಇನ್ನೂ ಕೂಗುತ್ತಲೇ ಇದ್ದ. ಆಗ ಅವಳ ಕಣ್ಣು ನಗುವುದನ್ನು ನಿಲ್ಲಿಸಿದವು.

ಡಬ್ಬಿಯನ್ನು ನಾನೇ ತೆಗೆದುಕೊಟ್ಟೆ. ಹೆಸರು, ವಿಳಾಸ ಬರೆದುಕೊಂಡಳು, ಕೇಸು ಹಾಕಿದಳು. ಕೋವಿಡ್ಡಿನಿಂದ ಕೋರ್ಟೆಲ್ಲ ನಿಧಾನವಾಗಿತ್ತು, ಕಾಗದ ಬರುವ ಹೊತ್ತಿಗೆ ವಸಂತ ಬಂದಿತ್ತು. ದಂಡ ಕಟ್ಟಿದೆ. ಡಬ್ಬಿ ಹೋಯಿತು. ಪಾಯಿಂಟು ಬೀಳಲಿಲ್ಲ. ಅಷ್ಟರಲ್ಲಿ ಫೆಬ್ರವರಿಯೂ ಕಳೆದು ಒಂಬತ್ತು ಆರಾಗಿತ್ತು. ಅಂದರೆ ಉತ್ತರ ಬರೆದಿಟ್ಟುಕೊಳ್ಳಿ: ಆ ಹನ್ನೊಂದು ತಿಂಗಳಲ್ಲಿ ನಾನು ಸಿಕ್ಕಿಬಿದ್ದದ್ದು ಒಂದೇ ಒಂದಕ್ಕೆ. ಸಿಕ್ಕಿಬೀಳಬಾರದು ಎಂದು ಕೊಂಡ ವಸ್ತುವಿಗೆ.

ಆದರೆ ನನ್ನ ತಲೆ ಇನ್ನೊಂದು ಕಡೆ ಓಡುತ್ತಿದೆ. ಆ ಸಂಜೆ ವಾಪಸು ಬಂದು, ಬೆಳಿಗ್ಗೆಗಿಂತ ಚಳಿ ಹೆಚ್ಚಾಗಿದ್ದಾಗ, ಚಾಚಾನ ವ್ಯಾನಿನ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಚಾಚಾ ಅಷ್ಟು ಹೊತ್ತಿಗೆ ಬಾನೆಟ್ಟು ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದರು. ಮರುದಿನ ತೆಗೆದು ನೋಡಿದೆ. ಬ್ಯಾಟರಿಯ ತಂತಿ ಕಚ್ಚುವ ನಟ್ಟಿನ ಮೇಲೆ ಹೊಸದಾಗಿ ಸ್ಪ್ಯಾನರಿನ ಗೀರು. ಹಿಂದಿನ ಶನಿವಾರವೂ ಮಂಟಪ ಒರೆಸಿದ್ದರು, ಡಬ್ಬಿ ಕಂಡಿರಬೇಕು. ಸೋಮವಾರ ಬ್ಯಾಟರಿ ಸತ್ತಿತು. ನನ್ನ ಪಕ್ಕ ಕೂತು ಬರಲೆಂದೇ ತಂತಿ ಕಳಚಿದ್ದರು ಎಂದು ಅನುಮಾನಪಡಲು ನನ್ನಂಥವನಿಗೆ ಇಷ್ಟು ಸಾಕು. ಹತ್ತು ತಿಂಗಳು ಆ ಮನುಷ್ಯನ ಮೇಲೆ ಇಟ್ಟುಕೊಂಡಿದ್ದ ಅನುಮಾನಗಳೆಲ್ಲ ಸುಳ್ಳಾದವು. ಇದೊಂದು ಮಾತ್ರ ಸುಳ್ಳಾಗದಿರಲಿ ಎಂದು ಆಸೆ.

ಹೋದ ತಿಂಗಳು ಏರ್‌ಪೋರ್ಟಿಗೆ ನಾನೇ ಬಿಡಲು ಹೋದೆ. ಬೆನ್ನು ಇನ್ನು ತಾಳುವುದಿಲ್ಲ, ತಮ್ಮನ ಜೊತೆ ಇರುತ್ತೇನೆ ಎಂದಿದ್ದರು. ಗಂಟು ತೊಡೆಯ ಮೇಲಿತ್ತು. ಅದನ್ನಾದರೂ ನನಗೆ ಬಿಟ್ಟುಹೋಗಿ ಎಂದೆ.

“ಕಂಡಕ್ಟರನ್ನ ಬಿಟ್ಟು ಡ್ರೈವರ್ ಹೋಗಬಾರದ್ರಿ. ನೀವು ಬ್ಯಾರೇದ ತೊಗೋರಿ. ಎರಡಕ್ಕಿಂತ ಹೆಚ್ಚು ಕೊಡಬ್ಯಾಡ್ರಿ ಮತ್ತ.”

ನಾಲ್ಕು ನಿಮಿಷ ಮುಂಚೆ ತಲುಪಿದೆವು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡು ಕೂತರು, ಇಳಿಯಲಿಲ್ಲ. ಕೇಳಲು ಸಿಕ್ಕ ಕೊನೆಯ ನಾಲ್ಕು ನಿಮಿಷ ಅದು.

“ಚಾಚಾ, ಆ ಸೋಮವಾರ ಬ್ಯಾಟರಿಗೆ ಏನಾಗಿತ್ತು?”

ಅವರು ನನ್ನ ಕಡೆ ತಿರುಗಲಿಲ್ಲ. ಎದುರಿಗೆ ರಸ್ತೆ ಇದೆಯೇನೋ ಎಂಬಂತೆ ಗಾಜಿನ ಆಚೆ ನೋಡುತ್ತಲೇ ಹೇಳಿದರು: “ಥಂಡಿ ರೀ ಸಾವ್ಕಾರ್ರ. ಥಂಡೀಗೆ ಹಂಗ ಆಗ್ತಾವ.”

ಟಿಂಗ್ ಎಂದಿತು. ಇಳಿದರು.